ಪಾದ್ರಿಗಳಿಗೆ ಕಾಡಿನ ಉಸಾಬರಿ ಯಾಕೆ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯವಳು. ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದೇನೆ. ಫೀಲ್ಡ್‌ವರ್ಕ್‌ಗೆ ಜೆಸ್ವಿಟ್ ಪಾದ್ರಿಗಳ ಸಂಸ್ಥೆಯೊಂದಕ್ಕೆ ಹೋಗುವ ಅವಕಾಶ ಬಂದಿದೆ. ಅವರು ಕಾಡಂಚಿನ ಸಿದ್ದಿ ಊರುಗಳಲ್ಲಿ ಕೆಲಸ ಮಾಡುತ್ತಾರೆ. ಅರಣ್ಯ ಹಕ್ಕು, ಪರಿಸರ ಅಂತೆಲ್ಲ ಮಾತಾಡುತ್ತಾರೆ. ನಮ್ಮ ಕಾಕಾ ಮಾತ್ರ ‘ಅದೆಲ್ಲ ಮತಾಂತರದ ನೆಪ’ ಅನ್ನುತ್ತಾರೆ. ಪ್ರಾರ್ಥನೆ ಮಾಡಿಸುವವರಿಗೆ ಕಾಡು, ಹೊಲದ ಉಸಾಬರಿ ಯಾಕೆ? ಹೋಗಲಾ, ಬೇಡವಾ?

ಉತ್ತರ: ಹೋಗಿ ತಂಗಿ. ಆದರೆ ಹೋಗುವ ಮೊದಲು ಸ್ವಲ್ಪ ಹಿಂದಿನ ಕತೆ ಗೊತ್ತಿರಲಿ. ಕಾಕಾ ಅವರ ಅನುಮಾನವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅದಕ್ಕೆ ಇತಿಹಾಸದಲ್ಲಿ ಕಾರಣಗಳಿವೆ. ಹಾಗಂತ ಅದೊಂದೇ ಪೂರ್ತಿ ಕತೆಯೂ ಅಲ್ಲ.

ಮೊದಲು ಇವರು ಯಾರು ಅಂತ ನೋಡೋಣ. ಊರ ಚರ್ಚಿನ ಪಾದ್ರಿ ಸಾಮಾನ್ಯವಾಗಿ ಆ ಪ್ರಾಂತ್ಯದ ಬಿಷಪ್ಪರ ಕೈಕೆಳಗೆ ಇರುತ್ತಾರೆ. ಜೆಸ್ವಿಟರು ಹಾಗಲ್ಲ. ಅವರದು ತಮ್ಮದೇ ನಿಯಮ, ತಮ್ಮದೇ ಮೇಲಧಿಕಾರಿಗಳು ಇರುವ ಸನ್ಯಾಸಿಗಳ ಸಂಘ. ಹೆಸರು ಯೇಸುಸಭೆ. ಲೊಯೊಲಾದ ಇಗ್ನೇಷಿಯಸ್ ಕಟ್ಟಿದ ಈ ಸಂಘಕ್ಕೆ 1540ರಲ್ಲಿ ಪೋಪ್ ಒಪ್ಪಿಗೆ ಸಿಕ್ಕಿತು. ಬ್ರಹ್ಮಚರ್ಯ, ಬಡತನ, ವಿಧೇಯತೆ ಇವರ ವ್ರತಗಳು. ಶಾಲೆ, ಕಾಲೇಜು ನಡೆಸುವುದರಲ್ಲಿ ಇವರದು ದೊಡ್ಡ ಹೆಸರು. ನಮ್ಮ ಕಡೆ ಜನ ಇವರನ್ನು ಗುರುತಿಸುವುದೂ ‘ಲೊಯೊಲಾ’ ಅನ್ನುವ ಬೋರ್ಡಿನಿಂದಲೇ. ಹುಬ್ಬಳ್ಳಿಯಿಂದ ತಡಸ ದಾಟಿ ಮುಂಡಗೋಡಕ್ಕೆ ಹೋದರೆ ಅಲ್ಲಿ ಲೊಯೊಲಾ ವಿಕಾಸ ಕೇಂದ್ರ ಇದೆ. ಸಿದ್ದಿ, ಗೌಳಿ, ಲಂಬಾಣಿ ಜನರ ನಡುವೆ ಅವರ ಕೆಲಸ.

ಈಗ ಕಾಡಿನ ವಿಷಯ. 2013ರಲ್ಲಿ ಪೋಪ್ ಆದ ಫ್ರಾನ್ಸಿಸ್ ಸ್ವತಃ ಜೆಸ್ವಿಟ್. ಆ ಪೀಠಕ್ಕೆ ಏರಿದ ಮೊದಲ ಜೆಸ್ವಿಟ್ ಅವರೇ. 2015ರಲ್ಲಿ ಅವರು ‘ಲೌದಾತೊ ಸಿ’ ಅನ್ನುವ ಉದ್ದನೆಯ ಪತ್ರ ಬರೆದರು. ಅದರ ಸಾರ ಇಷ್ಟು: ನೆಲ ಹಾಳಾಗುವುದು ಬೇರೆ, ಬಡವರು ಹಾಳಾಗುವುದು ಬೇರೆ ಅಲ್ಲ, ಎರಡೂ ಒಂದೇ ರೋಗ. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು ಅದರ 146ನೇ ಪ್ಯಾರಾ. ಮೂಲನಿವಾಸಿ ಜನರ ನೆಲದಲ್ಲಿ ದೊಡ್ಡ ಯೋಜನೆ ಬರುವುದಾದರೆ ಮಾತುಕತೆಯಲ್ಲಿ ಅವರೇ ಮುಖ್ಯರಾಗಬೇಕು ಅನ್ನುತ್ತದೆ. ಅವರ ಪಾಲಿಗೆ ನೆಲ ಮಾರುವ ಸರಕಲ್ಲ, ಹಿರಿಯರನ್ನು ಮಣ್ಣು ಮಾಡಿದ ಜಾಗ ಅನ್ನುತ್ತದೆ. 2019ರಲ್ಲಿ ಜೆಸ್ವಿಟರು ಮುಂದಿನ ಹತ್ತು ವರ್ಷಕ್ಕೆ ನಾಲ್ಕು ಆದ್ಯತೆ ಇಟ್ಟುಕೊಂಡರು. ಸಮಾಜ ಬದಿಗೆ ತಳ್ಳಿದವರ ಜೊತೆ ನಡೆಯುವುದು ಒಂದು, ಭೂಮಿಯನ್ನು ಕಾಯುವುದು ಇನ್ನೊಂದು. ಹಾಗಾಗಿ ಫಾದರ್ ಒಬ್ಬರು ಅರಣ್ಯ ಹಕ್ಕಿನ ಅರ್ಜಿ ಹಿಡಿದು ಕೂತರೆ ಅದು ಸಂಘದ ಕಣ್ಣು ತಪ್ಪಿಸಿ ಮಾಡುವ ಕೆಲಸವಲ್ಲ. ಸಂಘವೇ ಹೇಳಿದ ಕೆಲಸ.

ಕಾಗದದ ಮೇಲಿನ ಮಾತು ಬಿಡಿ, ನಡೆದದ್ದೇನು ಅಂತ ಕೇಳುತ್ತೀರಿ ಅಲ್ವಾ? ಎರಡು ಕತೆ ಹೇಳುತ್ತೇನೆ. ಒಂದು ರಾಂಚಿಯದು, ಇನ್ನೊಂದು ಕೆನಡಾದ್ದು.

1885ರಲ್ಲಿ ಕಾನ್‌ಸ್ಟಂಟ್ ಲೀವನ್ಸ್ ಅನ್ನುವ ಬೆಲ್ಜಿಯಂನ ಜೆಸ್ವಿಟ್ ಪಾದ್ರಿ ಛೋಟಾನಾಗಪುರಕ್ಕೆ ಬಂದರು. ಇವತ್ತಿನ ಜಾರ್ಖಂಡ್ ಅದು. ಮುಂಡಾ, ಒರಾಂವ್ ಜನರ ಹೊಲಗಳು ಜಮೀನ್ದಾರರ, ಬಡ್ಡಿ ವ್ಯಾಪಾರಿಗಳ ಪಾಲಾಗುತ್ತಿದ್ದ ಕಾಲ. ಜೊತೆಗೆ ಬಿಟ್ಟಿ ಚಾಕರಿ. ಲೀವನ್ಸ್ ಕಾನೂನು ಓದಿಕೊಂಡು, ಆದಿವಾಸಿಗಳಿಗೆ ಕೋರ್ಟ್ ಕೇಸ್‌ಗಳಲ್ಲಿ ಸಹಾಯಕ್ಕೆ ನಿಂತರು. ಕೇಸ್ ಗೆದ್ದ ಊರಿಗೆ ಊರೇ ಕ್ರೈಸ್ತರಾದರು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ. ಇದನ್ನು ಚರ್ಚಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಟೀಕಾಕಾರರು ಇದನ್ನೇ ಆರೋಪವಾಗಿ ಹೇಳುತ್ತಾರೆ. ಸಂಗತಿ ಒಂದೇ. ನೆಲ ಉಳಿಸಿಕೊಟ್ಟವನ ದೇವರನ್ನು ಜನ ಒಪ್ಪಿದರು. ಅದು ಆಮಿಷವೋ, ಋಣವೋ, ಸ್ವಂತ ಆಯ್ಕೆಯೋ? ಧಾರವಾಡದಲ್ಲಿ ಕೂತು ಒಂದೇ ಮಾತಲ್ಲಿ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ.

ಕತೆ ಅಲ್ಲಿಗೇ ನಿಂತಿದ್ದರೆ ಕಾಕಾ ಹೇಳಿದ್ದೇ ಸರಿ ಅನ್ನಬಹುದಿತ್ತು. ಆದರೆ ಮುಂದೆ ಬಿರ್ಸಾ ಮುಂಡಾ ಬಂದ. ಅವನು ಸ್ವತಃ ಮಿಷನ್ ಶಾಲೆಯಲ್ಲಿ ಸ್ವಲ್ಪ ಕಾಲ ಓದಿ, ಅದನ್ನು ಬಿಟ್ಟು ಹೊರಬಂದವನು. 1899ರ ಕ್ರಿಸ್‌ಮಸ್ ಹೊತ್ತಿಗೆ ಎದ್ದ ಅವನ ದಂಗೆಯಲ್ಲಿ ಬಾಣಗಳು ಜಮೀನ್ದಾರರ ಮೇಲೆ, ಪೊಲೀಸರ ಮೇಲೆ ಅಷ್ಟೇ ಅಲ್ಲ, ಮಿಷನ್ನುಗಳ ಮೇಲೂ ಬಿದ್ದವು. ಅಂದರೆ ಮುಂಡಾ ಜನ ಪಾದ್ರಿಗಳನ್ನೂ ಪ್ರಶ್ನೆ ಮಾಡದೆ ಬಿಡಲಿಲ್ಲ. 1900ರ ಜೂನ್ 9ರಂದು ಬಿರ್ಸಾ ರಾಂಚಿ ಜೈಲಿನಲ್ಲಿ ತೀರಿಕೊಂಡ. ದಂಗೆ ಅಡಗಿತು, ಆದರೆ ನೆಲದ ಪ್ರಶ್ನೆಯನ್ನು ಮುಚ್ಚಿಡುವುದು ಬ್ರಿಟಿಷರಿಗೆ ಸಾಧ್ಯವಾಗಲಿಲ್ಲ. 1908ರಲ್ಲಿ ಛೋಟಾನಾಗಪುರ ಗೇಣಿ ಕಾಯ್ದೆ ಬಂತು. ಆದಿವಾಸಿಯ ಜಮೀನನ್ನು ಹೊರಗಿನವರು ಬರೆಸಿಕೊಳ್ಳುವುದಕ್ಕೆ ಅದು ತಡೆ ಹಾಕಿತು. ಕಾಡು ಕಡಿದು ಹೊಲ ಮಾಡಿದ ಮೂಲ ಕುಟುಂಬಗಳ ಸಾಮೂಹಿಕ ಹಕ್ಕನ್ನೂ ಒಪ್ಪಿತು. ಆ ಹಕ್ಕಿನ ಒಳಮರ್ಮವನ್ನು ಸರ್ಕಾರಕ್ಕೆ ಬಿಡಿಸಿ ಹೇಳಿ, ಕಾಯ್ದೆ ರೂಪಿಸಲು ನೆರವಾದವರಲ್ಲಿ ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಒಬ್ಬರು. ಅವರೂ ಜೆಸ್ವಿಟ್. ಮುಂಡಾರಿ ಭಾಷೆಯ ದೊಡ್ಡ ವಿಶ್ವಕೋಶದ ಹಿಂದೆ ಇರುವುದೂ ಇವರೇ. ಮರುವರ್ಷ ಆದಿವಾಸಿಗಳಿಗಾಗಿ ಒಂದು ಸಾಲ ಸಹಕಾರ ಸಂಘವನ್ನೂ ಶುರು ಮಾಡಿದರು.

ಈ ಕಾಯ್ದೆ ಇಂದಿಗೂ ಜೀವಂತ. ಆ ಸೀಮೆಯ ಆದಿವಾಸಿಗಳಲ್ಲಿ ಕ್ರೈಸ್ತರಿದ್ದಾರೆ, ಸರನಾ, ಅಂದರೆ ದೇವರ ಬನದ, ಪೂಜೆಯವರಿದ್ದಾರೆ, ಹಿಂದೂಗಳಿದ್ದಾರೆ. ಕಾಯ್ದೆ ಎಲ್ಲರಿಗೂ ಒಂದೇ. ಕೆಲವು ವರ್ಷಗಳ ಹಿಂದೆ ಅದನ್ನು ಸಡಿಲಿಸುವ ತಿದ್ದುಪಡಿ ಬಂದಾಗ ಎಲ್ಲ ಮತದ ಆದಿವಾಸಿಗಳೂ ಬೀದಿಗಿಳಿದರು. 2017ರಲ್ಲಿ ಆ ಮಸೂದೆಯನ್ನು ವಾಪಸ್ ಕಳಿಸಿದ ರಾಜ್ಯಪಾಲರು ಯಾರು ಗೊತ್ತಾ? ದ್ರೌಪದಿ ಮುರ್ಮು.

ಅದೇ ರಾಂಚಿಯಲ್ಲಿ ನೆಲ, ಕಾಡಿನ ಹಕ್ಕಿನ ಬಗ್ಗೆ ಮಾತಾಡುತ್ತಿದ್ದ ಸ್ಟ್ಯಾನ್ ಸ್ವಾಮಿ ಕೂಡ ಜೆಸ್ವಿಟ್. ಅದಕ್ಕೂ ಮುಂಚೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿರ್ದೇಶಕರಾಗಿದ್ದವರು. 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ (ಮಹಾರಾಷ್ಟ್ರದ 2018ರ ಹಿಂಸಾಚಾರಕ್ಕೆ ಸಂಬಂಧಿಸಿದ ಕೇಸು) ಅವರ ಬಂಧನವಾಯಿತು. ಆರೋಪಗಳನ್ನು ಅವರು ಅಲ್ಲಗಳೆದಿದ್ದರು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನಿನ ಅರ್ಜಿ ಕೋರ್ಟಿನಲ್ಲಿ ಇರುವಾಗಲೇ ತೀರಿಕೊಂಡರು.

ಈಗ ಕೆನಡಾ. ಅಲ್ಲಿ ಸರ್ಕಾರ ಮತ್ತು ಚರ್ಚುಗಳು ಸೇರಿ ಮೂಲನಿವಾಸಿ ಮಕ್ಕಳಿಗೆ ವಸತಿ ಶಾಲೆಗಳನ್ನು ನಡೆಸಿದವು. ಸುಮಾರು 1,50,000 ಮಕ್ಕಳು ಅವುಗಳಲ್ಲಿ ಓದಿದರು. ಓದಿದರು ಅನ್ನುವುದಕ್ಕಿಂತ ಮನೆಯಿಂದ ಕಿತ್ತು ತಂದು ಇಟ್ಟರು ಅನ್ನುವುದೇ ಸರಿ. ತಾಯಿನುಡಿ ಆಡಿದರೆ ಶಿಕ್ಷೆ. ಹೊಡೆತ, ಲೈಂಗಿಕ ದೌರ್ಜನ್ಯ, ಕಾಯಿಲೆ, ಸಾವು. ಒಂಟಾರಿಯೊದ ಸ್ಪ್ಯಾನಿಷ್ ಅನ್ನುವ ಊರಿನ ಹುಡುಗರ ಶಾಲೆ ಜೆಸ್ವಿಟರದ್ದೇ. ಸತ್ಯಶೋಧನಾ ಆಯೋಗ 2015ರಲ್ಲಿ ಇಡೀ ವ್ಯವಸ್ಥೆಯನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು. 2023ರಲ್ಲಿ ಕೆನಡಾದ ಜೆಸ್ವಿಟರು ಮಕ್ಕಳ ಮೇಲಿನ ದೌರ್ಜನ್ಯದ ಆರೋಪಗಳಲ್ಲಿ ನಂಬಬಹುದಾದ ಆಧಾರ ಕಂಡ ತಮ್ಮದೇ ಸದಸ್ಯರ ಹೆಸರುಗಳನ್ನು ಹೊರಗೆ ಹಾಕಿದರು. ಅದೇ ಸಂಘ ಇವತ್ತು ಒಂಟಾರಿಯೊದ ಗ್ವೆಲ್ಫ್ ಊರಲ್ಲಿ ತಮ್ಮ ಸುಮಾರು 600 ಎಕರೆ ಜಮೀನಿನಲ್ಲಿ ಸಾವಯವ ಬೇಸಾಯ ಮಾಡಿಸುತ್ತಿದೆ, ಒಂದು ಭಾಗವನ್ನು ಮತ್ತೆ ಹಳೆಯ ಕಾಡಿನ ಹಾಗೆ ಬೆಳೆಯಲು ಬಿಟ್ಟಿದೆ. ಒಳ್ಳೆಯದೇ. ಆದರೆ ಮಗುವಿನ ನುಡಿ ಕಿತ್ತುಕೊಂಡ ಲೆಕ್ಕ ಗಿಡ ನೆಟ್ಟರೆ ತೀರುವುದಿಲ್ಲ.

ಎರಡೂ ಕಡೆ ಸಂಘ ಒಂದೇ, ಬೈಬಲ್ ಒಂದೇ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲಿ: ಒಂದು ಕಡೆ ನೆಲ ಜನರ ಹೆಸರಿನಲ್ಲೇ ಉಳಿಯುವ ಹಾಗೆ ದುಡಿದರು. ಇನ್ನೊಂದು ಕಡೆ ಜನರ ಪರವಾಗಿ ತಾವೇ ತೀರ್ಮಾನ ಮಾಡಿದರು. ಹಾಗಾಗಿ ಸಂಸ್ಥೆಗೆ ಹೋದಾಗ ಗೋಡೆಯ ಮೇಲಿನ ಶಿಲುಬೆ ನೋಡಿ ಹೆದರಬೇಡಿ, ಗಿಡ ನೆಡುವ ಫೋಟೊ ನೋಡಿ ಮರುಳಾಗಲೂ ಬೇಡಿ. ಕಾಗದ ಪತ್ರದಲ್ಲಿ ಯಾರ ಹೆಸರಿದೆ ನೋಡಿ.

ಕಾಗದ ಪತ್ರ ಅಂದೆ. ಅದಕ್ಕೆ ಇಲ್ಲಿಯ ಲೆಕ್ಕ ಗೊತ್ತಿರಬೇಕು.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದವರು. ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ನಮ್ಮ ಕಲಘಟಗಿಯ ಕಾಡಂಚು ಎಲ್ಲ ಕಡೆ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಮೂರೂ ಇದ್ದಾರೆ. ಕ್ಯಾಥೊಲಿಕ್ ಸಿದ್ದಿಗಳು ತಲೆತಲಾಂತರದಿಂದ ಕ್ಯಾಥೊಲಿಕರು, ನಿನ್ನೆ ಮೊನ್ನೆ ಆದವರಲ್ಲ. ಕಾಕಾ ಅವರಿಗೆ ಇದೊಂದು ಮಾತು ಹೇಳಿ. ಇನ್ನೊಂದು ಮಾತನ್ನೂ ಹೇಳಿ: ಸಿದ್ದಿಗಳ ನಡುವೆ ಕೆಲಸ ಮಾಡುವವರು ಪಾದ್ರಿಗಳು ಮಾತ್ರ ಅಲ್ಲ, ಆರೆಸ್ಸೆಸ್ ಬಳಗದ ವನವಾಸಿ ಕಲ್ಯಾಣದವರೂ ಇದ್ದಾರೆ. 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಶಾಂತಾರಾಮ ಸಿದ್ದಿ ಆ ಕಡೆಯಿಂದ ಬೆಳೆದು ಬಂದವರು.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಸೇರಿದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ. ಇದರಿಂದ ಏನಾಯಿತು ನೋಡಿ. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಕಾಡು ಜಮೀನು ತಮ್ಮ ಸಾಗುವಳಿಯಲ್ಲಿತ್ತು ಅಂತ ತೋರಿಸಿದರೆ ಸಾಕು. ಉಳಿದವರಾದರೆ ಆ ತಾರೀಖಿಗೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಕಾಡು ನಂಬಿ ಬದುಕಿದ್ದಕ್ಕೆ ಆಧಾರ ಬೇಕು. 1930ರ ಹೊತ್ತಿನ ಆಧಾರ! ಗುಡಿಸಲಲ್ಲಿ ಹುಟ್ಟಿ ಗುಡಿಸಲಲ್ಲೇ ತೀರಿಕೊಂಡ ಅಜ್ಜನ ಹೆಸರಲ್ಲಿ ಯಾವ ಕಾಗದ ಸಿಗುತ್ತದೆ? ಒಂದೇ ಕುಲದವರು, ಒಂದೇ ಕಾಡಿನವರು. ಆದರೆ ಜಿಲ್ಲೆಯ ಗಡಿಯ ಆ ಬದಿಯವನಿಗೆ ಒಂದು ನಿಯಮ, ಈ ಬದಿಯವನಿಗೆ ಇನ್ನೊಂದು. 2020ರ ನಂತರ ಕಲಘಟಗಿ ಕಡೆಯ ಸಿದ್ದಿಗಳಿಗೆ ‘ನಮ್ಮ ಅರ್ಜಿ ಮತ್ತೆ ನೋಡಿ’ ಅಂತ ಕೇಳುವುದಕ್ಕೆ ಆಧಾರ ಸಿಕ್ಕಿತು. ಪಕ್ಕದ ದಡ್ಡಿಯ (ದನಗಾರರ ಹಟ್ಟಿಯ) ಗೌಳಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲದ್ದರಿಂದ ಆ ಆಧಾರವೂ ಇಲ್ಲ. ಅವನಿಗೆ ಇಂದಿಗೂ 75 ವರ್ಷದ ಲೆಕ್ಕವೇ.

ಅರ್ಜಿಯ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ನಿಮಗೆ ಅಲ್ಲಿ ಇದೇ ಜಾಸ್ತಿ ಬರಬಹುದು. ಗ್ರಾಮಸಭೆ ಅರಣ್ಯ ಹಕ್ಕು ಸಮಿತಿ ಮಾಡುತ್ತದೆ. ಅರ್ಜಿ ಅಲ್ಲಿಗೆ ಬರಬೇಕು. ಸಮಿತಿ ಹೊಲಕ್ಕೆ ಹೋಗಿ ಸ್ಥಳ ಪರಿಶೀಲನೆ ಮಾಡಬೇಕು. ನಂತರ ಗ್ರಾಮಸಭೆಯ ಠರಾವು, ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಜಿಲ್ಲಾ ಸಮಿತಿ. ಆಧಾರ ಒಂದಕ್ಕಿಂತ ಜಾಸ್ತಿ ಇರಬೇಕು. ರೇಷನ್ ಕಾರ್ಡು, ಮನೆ ಕರದ ರಸೀದಿ, ಹಳೆಯ ಅತಿಕ್ರಮಣದ ಕೇಸಿನ ಕಾಗದ ನಡೆಯುತ್ತವೆ. ತಮಾಷೆ ನೋಡಿ, ಅಂದು ದಂಡ ಹಾಕಿದ ಕಾಗದವೇ ಇಂದು ಅನುಕೂಲಕ್ಕೆ ಬರುತ್ತದೆ. ಕಾಗದದಾಚೆಯ ಗುರುತುಗಳೂ ನಡೆಯುತ್ತವೆ: ಹೊಲದ ಒಡ್ಡು, ಸಮ ಮಾಡಿದ ನೆಲ, ಬಾವಿ, ಮಣ್ಣು ಮಾಡಿದ ಜಾಗ, ದೇವರ ಕಟ್ಟೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿಯೇ. ಇಲ್ಲಿ ನಿಮ್ಮಂಥವರ ಕೈಬರಹಕ್ಕೆ ಬೆಲೆ ಇದೆ. ಅಜ್ಜಿ ‘ಆ ಹಲಸಿನ ಮರದ ಕೆಳಗೆ ನಮ್ಮ ಮಾವನ್ನ ಇಟ್ಟೀವಿ’ ಅಂದರೆ, ಮರ ಎಲ್ಲಿದೆ, ಮಾವನ ಹೆಸರೇನು, ಯಾವ ಬರಗಾಲದ ಆಚೀಚೆ, ಎಲ್ಲ ಕೇಳಿ ಬರೆಯಬೇಕು. ಅವಸರ ಮಾಡಿದರೆ ‘ಬಹಳ ವರ್ಷದಿಂದ ವಾಸವಾಗಿದ್ದಾರೆ’ ಅನ್ನುವ ಒಂದು ಸಾಲು ಮಾತ್ರ ಉಳಿಯುತ್ತದೆ. ಅಂಥ ಸಾಲಿಗೆ ಮೇಲಿನ ಸಮಿತಿಯಲ್ಲಿ ಕಿಮ್ಮತ್ತಿಲ್ಲ.

ಕೊನೆಗೆ ಸಿಗುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಸಂಸ್ಥೆಗೂ ಬರೆದುಕೊಡಲು ಬರುವುದಿಲ್ಲ, ಚರ್ಚಿಗೂ ಇಲ್ಲ. ಕಾಕಾ ಅವರ ಅನುಮಾನದ ಅರ್ಧ ಇಲ್ಲೇ ಕರಗುತ್ತದೆ ಅನ್ನಿಸುತ್ತದೆ.

‘ಆದರೂ ಧರ್ಮದವರಿಗೆ ಇದೆಲ್ಲ ಯಾಕೆ’ ಅನ್ನುವ ಮಾತು ಉಳಿಯಿತು. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಜಮೀನು ತೆಗೆದುಕೊಳ್ಳಲು ಹೊರಟಾಗ ಎದುರು ನಿಂತವರು ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಕಪ್ಪತಗುಡ್ಡದ ಪರವಾಗಿಯೂ ಅವರು ಕಡೆತನಕ ಮಾತಾಡಿದರು. ಪೋಸ್ಕೊಗೆ ಅಲ್ಲಿ ಜಮೀನು ತೆಗೆದುಕೊಳ್ಳುವುದನ್ನು ಸರ್ಕಾರ ಆ ವರ್ಷವೇ ಕೈಬಿಟ್ಟಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮಿಗಳು ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಆಗ ‘ಸ್ವಾಮಿಗಳಿಗೆ ಗುಡ್ಡದ ಉಸಾಬರಿ ಯಾಕೆ’ ಅಂತ ಗದಗಿನ ರೈತರು ಕೇಳಲಿಲ್ಲ. ಕೇಳಿದವರು ಬೇರೆಯವರು.

ಧರ್ಮಗುರುಗಳೇ ಬೇಕು ಅಂತಲೂ ಇಲ್ಲ. 1980ರ ದಶಕದಲ್ಲಿ ಸರ್ಕಾರ ಮತ್ತು ಮರದ ತಿರುಳು (ಪಲ್ಪ್) ತಯಾರಿಸುವ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಮಾಡಿದವು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಕೊಡುವುದು ಅಂತ ಆಯಿತು. ಅದು ದನ ಮೇಯುವ, ಸೌದೆ ಆರಿಸುವ ನೆಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ, ಅಂದರೆ ಈಗಿನ ಹಾವೇರಿ ಜಿಲ್ಲೆಯಲ್ಲಿ, ಜನ ಸೇರಿ ನೀಲಗಿರಿ ಸಸಿ ಕಿತ್ತು, ಹಣ್ಣು ಮೇವಿಗೆ ಬರುವ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಅಂತಲೇ ಅದರ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದರ ಹಿಂದಿತ್ತು. ಆ ಕಂಪನಿಯನ್ನು ಕೊನೆಗೆ ಮುಚ್ಚಬೇಕಾಯಿತು. ಜೂನ್ 5ರ ಪರಿಸರ ದಿನಕ್ಕೆ ನೂರು ಸಸಿ ನೆಟ್ಟು ಬ್ಯಾನರ್ ಹಿಡಿಯುವ ಸಂಸ್ಥೆ ಕಂಡಾಗೆಲ್ಲ ನನಗೆ ಕುಸನೂರು ನೆನಪಾಗುತ್ತದೆ. ಯಾವ ಗಿಡ, ಯಾರ ನೆಲದಲ್ಲಿ, ಯಾರು ಕೇಳಿದ್ದಕ್ಕೆ? ನೀವು ಹೋಗುವ ಸಂಸ್ಥೆಗೂ ಇದೇ ಪ್ರಶ್ನೆ ಕೇಳಿ. ಬೇಸರ ಮಾಡಿಕೊಂಡರೆ ಅದನ್ನೂ ವರದಿಯಲ್ಲಿ ಬರೆಯಿರಿ.

ಒಂದು ಕಷ್ಟದ ವಿಷಯ ಮುಂಚೆಯೇ ಹೇಳಿಬಿಡುತ್ತೇನೆ. ಅಲ್ಲಿ ಬೇಡ್ತಿ ನದಿಯ ಮಾತು ಬಂದೇ ಬರುತ್ತದೆ. ಬೇಡ್ತಿ–ವರದಾ ಜೋಡಣೆ ಮಾಡಿ ಹಾವೇರಿ, ಗದಗ ಕಡೆಗೆ ನೀರು ತರುವ ಯೋಜನೆಗೆ ಘಟ್ಟದ ಜನರ ವಿರೋಧ ಇದೆ. ಅಲ್ಲಿಯೂ ಮುಂದೆ ನಿಂತವರು ಒಬ್ಬ ಸ್ವಾಮಿಗಳೇ, ಸೋಂದಾ ಸ್ವರ್ಣವಲ್ಲೀ ಮಠದವರು. ಕಾಡು ಮುಳುಗುತ್ತದೆ, ಒಕ್ಕಲೇಳಬೇಕಾಗುತ್ತದೆ ಅನ್ನುವ ಭಯ ಅವರದು. ಬಯಲುಸೀಮೆಯ ರೈತನ ನೀರಡಿಕೆಯೂ ಸುಳ್ಳಲ್ಲ. ನೀವು ಹುಬ್ಬಳ್ಳಿಯವರು. ಹುಬ್ಬಳ್ಳಿ ವರ್ಷಗಟ್ಟಲೆ ಕುಡಿದ ನೀರಸಾಗರದ ನೀರು ಬೇಡ್ತಿ ಹಳ್ಳದ್ದೇ. ಹಾಗಾಗಿ ಅಲ್ಲಿ ಕೂತು ‘ಪರಿಸರ ಉಳಿಸಿ’ ಅನ್ನುವಾಗ ನಾವು ಯಾವ ನಲ್ಲಿಯ ನೀರು ಕುಡಿದು ಬಂದವರು ಅನ್ನುವುದು ತಲೆಯಲ್ಲಿರಲಿ. ಈ ಪ್ರಶ್ನೆಗೆ ಪೋಪರ ಪತ್ರದಲ್ಲಿ ತಯಾರು ಉತ್ತರ ಇಲ್ಲ. ಮುಳುಗುವ ನೆಲದವರನ್ನು ಕೇಳದೆ ತೀರ್ಮಾನ ಮಾಡಬೇಡಿ ಅನ್ನುವುದಷ್ಟೇ ಅದರಲ್ಲಿರುವುದು.

ಇನ್ನು ಹೋದ ಮೇಲೆ ಏನು ಮಾಡಬೇಕು? ಫಾದರ್ ಹೇಳಿದ ಊರಿಗೆ ಫಾದರ್ ಜೊತೆ ಒಮ್ಮೆ ಹೋಗಿ, ಆಮೇಲೆ ಅವರಿಲ್ಲದೆ ಹೋಗಿ. ಜನ ಎರಡೂ ಸಲ ಒಂದೇ ಮಾತು ಹೇಳುತ್ತಾರಾ ನೋಡಿ. ಹಿಂದೂ ಸಿದ್ದಿ, ಮುಸ್ಲಿಂ ಸಿದ್ದಿ, ಗೌಳಿ ಮನೆಗಳ ಅರ್ಜಿಯನ್ನೂ ಸಂಸ್ಥೆ ಅಷ್ಟೇ ಆಸ್ಥೆಯಿಂದ ತುಂಬಿಸಿದೆಯಾ ಕಡತ ನೋಡಿ ತಿಳಿದುಕೊಳ್ಳಿ. ಇದೇ ಮುಖ್ಯ ಪರೀಕ್ಷೆ. ಬರೀ ಕ್ಯಾಥೊಲಿಕ್ ಮನೆಗಳ ಕಡತವೇ ಇದ್ದರೆ ಕಾಕಾ ಹೇಳಿದ್ದರಲ್ಲಿ ಹುರುಳಿದೆ ಅಂತ ನಾನೇ ಒಪ್ಪುತ್ತೇನೆ. ಗ್ರಾಮಸಭೆ ನಡೆಯುವ ದಿನ ತಪ್ಪಿಸಬೇಡಿ. ಅರ್ಧದಷ್ಟು ಸದಸ್ಯರು ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು ಅಂತ ನಿಯಮ. ನಡಾವಳಿ ಪುಸ್ತಕದಲ್ಲಿ ಸಹಿಗಳನ್ನು ಎಣಿಸಿ. ಯಾವ ಮಾತನ್ನು ಯಾರು ಎತ್ತಿದರು ಅಂತ ಗಮನಿಸಿ. ಎಲ್ಲ ಮಾತೂ ಸಂಸ್ಥೆಯ ಕಾರ್ಯಕರ್ತನ ಬಾಯಿಂದಲೇ ಬಂದರೆ ಅದು ಗ್ರಾಮಸಭೆ ಅಲ್ಲ.

ತಿರಸ್ಕಾರವಾದ ಅರ್ಜಿಗಳ ಕಟ್ಟು ಎಲ್ಲಿದೆ ಅಂತ ಮೊದಲ ದಿನವೇ ಕೇಳಿ. ಅರ್ಜಿದಾರರ ಕೈಗೆ ಹಿಂಬರಹ ಬಂದಿದೆಯಾ, ಬಾಯಿಮಾತಲ್ಲಿ ‘ಆಗಿಲ್ಲ’ ಅಂದರಾ? ಬಂದಿದ್ದರೆ ಯಾವ ತಾರೀಖಿಗೆ? ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣಲಿಲ್ಲ ಅನ್ನುವ ಒಂದೇ ಕಾರಣ ಬರೆದಿದ್ದರೆ ಅದಕ್ಕೆ ಗುರುತು ಹಾಕಿ, ಏಕೆಂದರೆ ಅಂಥ ಚಿತ್ರ ಬೇರೆ ದಾಖಲೆಗಳ ಜೊತೆಗೆ ಬರಬಹುದೇ ಹೊರತು ಅವುಗಳ ಬದಲಿಗೆ ಅಲ್ಲ ಎಂದು ನಿಯಮವೇ ಹೇಳುತ್ತದೆ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಉಪವಿಭಾಗದ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಕೊಡಲು 60 ದಿನ ಇರುತ್ತದೆ. ತಾರೀಖುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅವಧಿ ಉಳಿದಿರುವ ಮನೆಗಳಿಗೆ ಮೊದಲು ಹೋಗಿ.